ಮಾಯವ್ವ ಕಾಲೇಜು ನೋಡಿದ ಬಗೆ

“ಅಕ್ಕಾರ, ಆ ಎಂಟೂ ಕಾಲೇಜಿಗೆ ನೀವು ಖುದ್ದ ಹೋಗಿ ಬಂದ್ರೇನ್ರಿ?”

ಜಮಖಂಡಿಯ ನಮ್ಮ ಮನೆ ಕಟ್ಟೆಯ ಮೇಲೆ ಕೂತು, ನಾನೇ ಮಾಡಿಕೊಟ್ಟ ಚಹಾ ಕುಡಿಯುತ್ತಾ, ಹದಿನೆಂಟರ ಹುಡುಗಿಯೊಬ್ಬಳು ನನಗೆ ಕೇಳಿದ ಪ್ರಶ್ನೆ ಇದು. ನಾನು ಬಿಸ್ಕೀಟು ತರುತ್ತೇನೆ ಅಂತ ಎದ್ದು ಒಳಗೆ ಹೋದೆ. ಬಿಸ್ಕೀಟು ಹುಡುಕಲು ಐದು ನಿಮಿಷ ತೆಗೆದುಕೊಂಡೆ.

ವಿಷಯ ಇಷ್ಟೇ. ಅದರ ಹಿಂದಿನ ವಾರ ಇದೇ ಅಂಕಣದಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು, ಯುನಿವರ್ಸಿಟಿಗಳನ್ನು ಒಂದಕ್ಕೊಂದು ತೂಗಿ ಬರೆದಿದ್ದೆ. ನಿಮಗೆ ನೆನಪಿರಬಹುದು. (ಇಲ್ಲದಿದ್ದರೆ ಇನ್ನೂ ಒಳ್ಳೆಯದು.) ಒಟ್ಟು ಎಂಟು. ಯಾವುದಕ್ಕೆ ಯಾವ ಗ್ರೇಡು, ಎಷ್ಟು ಎಕರೆ ಕ್ಯಾಂಪಸ್ಸು, ಲೈಬ್ರರಿಯಲ್ಲಿ ಎಷ್ಟು ಪುಸ್ತಕ, ಎಲ್ಲಾ ಬರೆದಿದ್ದೆ. ಫೋನಿನ ಮೇಲೆ ಫೋನು. “ಎಷ್ಟ ಸ್ಟಡಿ ಮಾಡೀರಿ ಮೇಡಂ!” ಅಂದರು ಓದುಗರು.

ಸ್ಟಡಿ? ಸೋಫಾದ ಮೇಲೆ ಕಾಲು ಚಾಚಿ, ಮೊಬೈಲಿನಲ್ಲಿ ಎಂಟು ವೆಬ್‌ಸೈಟು ತೆರೆದಿದ್ದೇ ನನ್ನ ಸ್ಟಡಿ. ಅವುಗಳಲ್ಲಿ ಎರಡರಲ್ಲಿ ಒಬ್ಬಳೇ ಹುಡುಗಿ ಪುಸ್ತಕ ಎದೆಗವಚಿಕೊಂಡು ನಗುತ್ತಿದ್ದಳು. ಎರಡೂ ಕಡೆ ಅದೇ ಹುಡುಗಿ, ಅದೇ ಪುಸ್ತಕ! ಆಗಲೇ ನನಗೆ ಡೌಟು ಬರಬೇಕಿತ್ತು. ಬರಲಿಲ್ಲ.

ಕಟ್ಟೆಯ ಮೇಲಿದ್ದ ಹುಡುಗಿಯ ಹೆಸರು ಮಾಯವ್ವ. ಬೀಳಗಿ ಕಡೆಯ ಒಂದು ಹಳ್ಳಿಯವಳು. ಅಪ್ಪ ಮಾಳಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ಅಜ್ಜ ಬೀರಪ್ಪ ಇವತ್ತಿಗೂ ಕುರಿ ಹಿಂಡಿನ ಹಿಂದೆ ಊರೂರು ನಡೆಯುವ ಮನುಷ್ಯ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ಮಾಳಪ್ಪ ನನ್ನ ಹಳೆಯ ವಿದ್ಯಾರ್ಥಿ. ಅವನಲ್ಲಿ ಒಂದೇ ಒಂದು ದೋಷ. ಪೇಪರಿನಲ್ಲಿ ಅಚ್ಚಾದದ್ದೆಲ್ಲ ಖರೆ ಅಂತ ನಂಬುತ್ತಾನೆ.

ನನ್ನ ಅಂಕಣ ಓದಿದವನೇ ಫೋನು ಮಾಡಿದ್ದ. “ಅಕ್ಕಾರ, ನಮ್ಮ ಮಾಯವ್ವ ಪಿಯುಸಿ ಸೈನ್ಸ್ ಪಾಸಾಗ್ಯಾಳ್ರಿ. ಬಿಎಸ್ಸಿಗೆ ಹೋಗ್ತೀನಿ, ಫಿಜಿಕ್ಸೇ ಬೇಕು ಅಂತಾಳ. ಬೆಂಗಳೂರು ನಮಗ ದೂರಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ಕಡೆ ನಮ್ಮ ಬಳಗ ಐತಿ. ಎಲ್ಲೆರ ಇರ್ತಾಳ. ಇದ್ರಾಗ ಯಾವ ಸರ್ಕಾರಿ ಕಾಲೇಜ ಛಲೋ, ನೀವ ಹೇಳ್ರಿ. ನೀವು ಹೇಳಿದ್ದಕ್ಕ ಹಚ್ಚಿಬಿಡ್ತೀನಿ.”

ನನಗೆ ಎಷ್ಟು ಖುಷಿಯಾಯಿತೆಂದರೆ, ಎರಡು ಇಂಚು ಎತ್ತರವಾದೆ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ.

“ಆದ್ರ ಒಂದ ಸರ್ತಿ ಅಷ್ಟರಿ. ಲಕ್ಕವ್ವಗ ಆದಂಗ ಈಕಿಗೂ ಆತಂದ್ರ, ಮುಂದ ನಮ್ಮ ಮನ್ಯಾಗ ಕಾಲೇಜಿನ ಸುದ್ದೀನ ಬ್ಯಾಡ.”

ಲಕ್ಕವ್ವ ಮಾಯವ್ವನ ಅಕ್ಕ. ಎರಡು ವರ್ಷದ ಹಿಂದೆ ಅವಳೂ ಬಿಎಸ್ಸಿ ಫಿಜಿಕ್ಸಿಗೆ ದೂರದ ಒಂದು ಊರಿನಲ್ಲಿ ಸೇರಿದ್ದಳು. ಒಂದು ವರ್ಷ ಚೆನ್ನಾಗಿಯೇ ಓದಿದಳು. ಎರಡನೆಯ ವರ್ಷಕ್ಕೆ ಹೋದರೆ, ಆ ವಿಭಾಗಕ್ಕೆ ಮಂದಿ ಸಾಲದು ಅಂತ ಅದನ್ನೇ ಮುಚ್ಚಿದ್ದರು. “ಬೇರೆ ವಿಷಯ ತಗೋ” ಅಂದರಂತೆ. ಅವಳು ಬೇರೆ ಏನನ್ನೂ ತಗೊಳ್ಳಲಿಲ್ಲ, ಬ್ಯಾಗು ತಗೊಂಡು ಮನೆಗೆ ಬಂದಳು. ಅಂದಿನಿಂದ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಳೆ. ಒಂದು ವರ್ಷ ಹಾಳಾಯಿತು ಅಂತ ಮನೆಯವರೆಲ್ಲ ಮರುಗುತ್ತಾರೆ, ಅವಳೊಬ್ಬಳು ಬಿಟ್ಟು. ಅವಳು ಮಾತೇ ಆಡುವುದಿಲ್ಲವಂತೆ.

ಅಡ್ಮಿಷನ್ನಿಗೆ ಶನಿವಾರ ಕಡೆಯ ದಿನ. ಮಾಯವ್ವ ನಮ್ಮ ಕಟ್ಟೆಗೆ ಬಂದು ಕೂತದ್ದು ಸೋಮವಾರ. ನಾನು ಅಷ್ಟರಲ್ಲಿ ಮೊಬೈಲು ನೋಡಿ ಒಂದು ಕಾಲೇಜು ಆರಿಸಿಯೂ ಬಿಟ್ಟಿದ್ದೆ. ಹೊಸ ಬಿಲ್ಡಿಂಗು, ಸ್ಮಾರ್ಟ್ ಬೋರ್ಡು, ಮುಂದೆ ಹುಲ್ಲಿನ ಲಾನು. ಇನ್ನೇನು ಬೇಕು?

ಬಿಸ್ಕೀಟು ಹಿಡಿದು ಹೊರಗೆ ಬಂದಾಗ ಅವಳು ಮತ್ತೆ ಕೇಳಲಿಲ್ಲ, ಪಾಪ. ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಿದ್ದಳು. “ನಾಳೆ, ನಾಡದ ಎರಡ ದಿನ ತಿರಗ್ಯಾಡಿ ನಾಲ್ಕೂ ನೋಡೂನ್ರಿ ಅಕ್ಕಾರ. ನೀವು ಸಂಗಾಟ ಬಂದ್ರ ಗೇಟಿನ್ಯಾಗ ಬಿಡ್ತಾರ. ಬಸ್ ಹೆಂಗೂ ನಮಗ ಫ್ರೀ ಐತಿ” ಅಂದಳು.

ಒಳಗಿನಿಂದ ನಮ್ಮ ಮನೆಯವರು ಕೂಗಿದರು. “ಹೋಗ, ಹೋಗ. ನಿನ್ನ ಮೊಬೈಲಿಗೂ ಎರಡ ದಿನ ಸೂಟಿ ಸಿಗಲಿ!”

ಹೊರಟೆವು. ಬೆಂಗಳೂರಿನವರಿಗೆ ಮೆಟ್ರೋ ಇದ್ದರೆ ನಮಗೆ ಕೆಂಪು ಬಸ್ಸಿದೆ. ನಾಲ್ಕು ಊರು ಸೇರಿಸಿದರೆ ನಮ್ಮದೂ ಒಂದು ಮಹಾನಗರವೇ, ನಡುವೆ ಸ್ವಲ್ಪ ಕಬ್ಬು ಬೆಳೆದಿದೆ ಅಷ್ಟೇ. ಯಾವ ಕಾಲೇಜು ಯಾವ ಊರಿನದು ಎಂದು ಮಾತ್ರ ನಾನು ಬರೆಯುವುದಿಲ್ಲ. ನೋಡಿದ ಕ್ರಮವನ್ನೂ ಹಿಂದೆ ಮುಂದೆ ಮಾಡಿದ್ದೇನೆ. ನಾಲ್ಕೂ ಊರಿನಲ್ಲಿ ನನಗೆ ಬೀಗರಿದ್ದಾರೆ, ನಾನು ಮತ್ತೆ ಅಲ್ಲೆಲ್ಲ ಊಟಕ್ಕೆ ಹೋಗಬೇಕು.

ಮೊದಲು ಹೋದದ್ದು ನಾನು ಮೆಚ್ಚಿದ ಹೊಸ ಬಿಲ್ಡಿಂಗಿಗೆ. ಲಾನು ಖರೆ ಇತ್ತು. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ಪ್ರಿನ್ಸಿಪಾಲರ ಕೋಣೆಯತ್ತ ಹೊರಟರೆ ಮಾಯವ್ವ ಕೈ ಹಿಡಿದು ಜಗ್ಗಿದಳು.

“ಅವರನ್ನ ಕೇಳೂದು ಬ್ಯಾಡ್ರಿ.”

“ಯಾಕ ಬೇ? ಅವರನ್ನ ಬಿಟ್ಟು ಮತ್ಯಾರನ್ನ ಕೇಳಬೇಕು?”

“ಹೊಲದ ಮಾಲಕನ್ನ ಕೇಳಿದ್ರ, ನಮ್ಮ ಹೊಲ ಛಲೋ ಐತಿ ಅಂತನ ಹೇಳ್ತಾನಲ್ರಿ.”

ಅವಳ ಅಜ್ಜನ ಪದ್ಧತಿ ನನಗೆ ತಿಳಿದದ್ದು ಆಗಲೇ. ಹಿಂಡನ್ನು ಹೊಸ ಕಡೆಗೆ ಹೊಡೆದುಕೊಂಡು ಹೋಗುವ ಮೊದಲು ಬೀರಪ್ಪಜ್ಜ ಒಬ್ಬನೇ ಎರಡು ದಿನ ಮುಂಚೆ ಹೋಗಿ ನೆಲ ನೋಡಿ ಬರುತ್ತಾನೆ. ಮಾಲೀಕರ ಜೊತೆ ಮಾತಾಡುವುದು ಕಟ್ಟಕಡೆಗೆ. ಮೊದಲು ನೀರು ನೋಡುತ್ತಾನೆ. ಆಮೇಲೆ, ಹಿಂದೆ ಬೇರೆಯವರ ಹಿಂಡು ತಂಗಿದ್ದ ಜಾಗ ಹುಡುಕಿ, ಕೂತು, ಹಿಕ್ಕೆ ನೋಡುತ್ತಾನೆ. “ಕುರಿ ನೆಮ್ಮದೀಲೆ ಮಲಗಿದ್ರ ಹಿಕ್ಕಿ ಒಂದ ಕಡೆ ಬಿದ್ದಿರತೈತ್ರಿ. ಬೆದರಿದ್ರ ಚೆಲ್ಲಾಪಿಲ್ಲಿ. ಕುರಿ ಸುಳ್ಳ ಹೇಳೂದಿಲ್ಲ ಅಂತಾನ ಅಜ್ಜ” ಅಂದಳು ಮಾಯವ್ವ.

ಅಬ್ಬಾ! ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ಎಷ್ಟು ಮಕ್ಕಳಿಗೆ “ಆ ಕಾಲೇಜಿಗೆ ಹೋಗು, ಈ ಕಾಲೇಜಿಗೆ ಹೋಗು” ಅಂತ ಬೆರಳು ತೋರಿಸಿದ್ದೇನೆ. ಒಂದು ದಿನವಾದರೂ ಹೋಗಿ ನೆಲ ನೋಡಿದ್ದೆನೇ? ನಾಚಿಕೆಯಾಯಿತು, ಸುಮ್ಮನೆ ಅವಳ ಹಿಂದೆ ನಡೆದೆ.

ಮೊದಲು ನೀರು ನೋಡಿದಳು. ಅಂದರೆ ಹುಡುಗಿಯರ ಟಾಯ್ಲೆಟ್ಟಿನ ನಲ್ಲಿ. ತಿರುಗಿಸಿದಳು, ಬಂತು. ನೂರುಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಫಿಜಿಕ್ಸ್ ಲ್ಯಾಬಿನ ಬಾಗಿಲಿಗೆ ಹೋಗಿ, ಒಳಗೆ ಇಣುಕುವ ಬದಲು ಬೀಗ ಹಿಡಿದು ನೋಡತೊಡಗಿದಳು. ನನಗೆ ತಲೆಬುಡ ತಿಳಿಯಲಿಲ್ಲ.

“ಬೀಗದಾಗ ಏನೈತೆ ಮಾರಾಯ್ತಿ?”

“ತುಕ್ಕ ಐತ್ರಿ. ಕೀಲಿ ಹಾಕೂ ತೂತಿನ್ಯಾಗ ಜೇಡ ಬಲಿ ಕಟ್ಟೈತಿ.”

ಬಗ್ಗಿ ನೋಡಿದೆ. ಹೌದು, ಸಣ್ಣ ಬಲೆ! ಒಳಗೆ ಹೊಸ ಉಪಕರಣ, ಹೊಸ ಟೇಬಲ್ಲು, ಎಲ್ಲಾ ಗಾಜಿನಾಚೆ ಥಳಥಳ. ಇದ್ದದ್ದನ್ನು ಮುಟ್ಟುವವರು ಇಲ್ಲ. ಒಂದು ಬೀಗದಿಂದ ಇಷ್ಟು ತಿಳಿಯಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಮೆಚ್ಚಿದ್ದ ಕಾಲೇಜು ನೋಟ್‌ಬುಕ್ಕಿನ ಒಂದೇ ಸಾಲಿನಲ್ಲಿ ಮುಗಿದುಹೋಯಿತು.

ಎರಡನೆಯ ಕಾಲೇಜಿನಲ್ಲಿ ಅವಳು ನೇರ ಲೈಬ್ರರಿಗೆ ಹೋದಳು. ಲೈಬ್ರರಿಯನ್ ಒಳ್ಳೆಯ ಮನುಷ್ಯ. “ನೋಡವ್ವ, ನೋಡ, ಹುಡುಗರು ಬರೂದ ಕಮ್ಮಿ, ನೀನರ ಬಂದೀ” ಅಂತ ಕಪಾಟು ತೆಗೆದುಕೊಟ್ಟರು. ಇವಳು ಪುಸ್ತಕದ ಪುಟ ತೆರೆಯಲೇ ಇಲ್ಲ. ಕೊನೆಯ ರಟ್ಟಿಗೆ ಅಂಟಿಸಿದ ಚೀಟಿ ಮಾತ್ರ ನೋಡಿದಳು, ತಾರೀಖಿನ ಸೀಲು ಹೊಡೆಯುವ ಚೀಟಿ. ಫಿಜಿಕ್ಸಿನ ಆರು ಪುಸ್ತಕ ತೆಗೆದಳು. ಆರರ ಮೇಲೂ ಒಂದೆರಡು ಸೀಲು, ಅವೂ ಹಳೆಯವು. ಪಕ್ಕದ ಕಪಾಟಿನ ಕೆಮಿಸ್ಟ್ರಿ ಪುಸ್ತಕ ತೆಗೆದರೆ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದಾರೆ, ಸೀಲು ಹೊಡೆಯಲು ಜಾಗವಿಲ್ಲ.

“ಇಲ್ಲಿ ಕೆಮಿಸ್ಟ್ರಿ ಸರ್ ಭಾಳ ಛಲೋ ಇರಬೇಕ್ರಿ” ಅಂದಳು. ಲೈಬ್ರರಿಯನ್ನರು ಬಾಯಿ ತೆರೆದುಕೊಂಡು ನೋಡಿದರು. “ಖರೆ ಅದ. ನಿನಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಮಾಯವ್ವ ಬರೆದುಕೊಂಡಳು: ‘ಕೆಮಿಸ್ಟ್ರಿ ಬೇಕಾದವರಿಗೆ ಇದು.’ ನನಗೆ ಬೇಡವಾದದ್ದನ್ನು ನಾನು ಒಂದೇ ಮಾತಿಗೆ ಕೆಟ್ಟದ್ದು ಅಂದುಬಿಡುತ್ತೇನೆ. ನೀವು? ಈ ಹುಡುಗಿ ಹಾಗೆ ಮಾಡಲಿಲ್ಲ.

ಮರುದಿನ ಮೂರನೆಯ ಕಾಲೇಜು. ಅದಕ್ಕೆ ನಾವು ಗೇಟಿನ ತನಕ ಹೋಗುವ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಅರ್ಧ ಕಾಲೇಜು ಅಲ್ಲೇ ಬೆಂಚಿನ ಮೇಲೆ ಕೂತಿತ್ತು. ಮಾಯವ್ವ ಒಬ್ಬ ಹುಡುಗಿಯ ಪಕ್ಕ ಕೂತು, ಶೇಂಗಾ ಹಂಚಿಕೊಂಡು, ಮೆಲ್ಲಗೆ ಕೇಳಿದಳು.

“ನಿಮ್ಮ ಸರ್ ಬರದಿದ್ದ ದಿನ ಏನ ಮಾಡ್ತೀರಿ?”

“ಏನ ಮಾಡೂದು? ಮನಿಗೆ ಹೋಗ್ತೀವಿ. ಈಗ ಹೊಂಟೀವಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಯವ್ವ ನಗಲಿಲ್ಲ.

ನಿಜ ಹೇಳುತ್ತೇನೆ, ಅಷ್ಟೊತ್ತಿಗೆ ನನಗೆ ಹೆದರಿಕೆ ಶುರುವಾಗಿತ್ತು. ನಾಲ್ಕರಲ್ಲಿ ಮೂರು ಹೋದವು. ಶನಿವಾರಕ್ಕೆ ಮೂರು ದಿನ. ನಾಲ್ಕನೆಯದೂ ಹೀಗೇ ಆದರೆ ಮಾಳಪ್ಪನಿಗೆ ಏನು ಹೇಳಲಿ? ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. “ಫಿಜಿಕ್ಸೇ ಯಾಕ ಬೇಕವ್ವ ನಿನಗ?” ಅಂದೆ, ಇನ್ನಾದರೂ ಮನಸ್ಸು ಬದಲಿಸಲಿ ಅಂತ.

“ಮಿಂಚ ಮೊದಲ ಕಾಣಸತೈತಿ, ಗುಡಗ ಆಮ್ಯಾಲೆ ಕೇಳಸತೈತಿ, ಯಾಕ ಅಂತ ನಾ ಸಣ್ಣಾಕಿ ಇದ್ದಾಗ ಅಜ್ಜ ನನ್ನ ಕೇಳಿದ್ದರಿ. ನನಗ ಗೊತ್ತಿರಲಿಲ್ಲ. ಹೈಸ್ಕೂಲಿನ್ಯಾಗ ಅಕ್ಕ ಕಲತು ಬಂದು ನನಗ ಹೇಳಿದ್ಲು. ನಾ ಅಜ್ಜಗ ಹೇಳಿದೆ. ಅವತ್ತ ಅಜ್ಜ ಪಟಗಾ ತಗದು ಕೈಯಾಗ ಹಿಡಕೊಂಡು ಕೇಳಿದ್ದರಿ.”

ಪಟಗಾ ತೆಗೆದು ಕೈಯಲ್ಲಿ ಹಿಡಿದು! ಆ ಮುದುಕ ದೇವರ ಮುಂದೆ ಮಾತ್ರ ತಲೆಯ ರುಮಾಲು ತೆಗೆಯುವವನು. ಮೊಮ್ಮಗಳ ಪಾಠಕ್ಕೂ ತೆಗೆದನಂತೆ. ಮನಸ್ಸು ಬದಲಿಸುವ ಮಾತು ಸದ್ಯಕ್ಕೆ ಬಿಟ್ಟೆ.

ನಾಲ್ಕನೆಯ ಕಾಲೇಜು ನೋಡಿದೊಡನೆ ನನ್ನ ಮುಖ ಸಣ್ಣದಾಯಿತು. ಹಳೆಯ ಹೆಂಚಿನ ಕಟ್ಟಡ, ಬಣ್ಣ ಯಾವ ಕಾಲದ್ದೋ. ಬೋರ್ಡಿನ ಮೇಲಿನ ಅಕ್ಷರ ಅರ್ಧ ಅಳಿಸಿದೆ. ಇದರ ವೆಬ್‌ಸೈಟು ತೆರೆದಿರಲೇ ಇಲ್ಲ ನನ್ನ ಮೊಬೈಲಿನಲ್ಲಿ.

ಆದರೆ ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಹುಡುಗ ಹುಡುಗಿಯರು ಗುಂಪಾಗಿ ಕೂತಿದ್ದರು. ಊಟದ ಹೊತ್ತು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ನೋಟ್ಸಿನ ಮೇಲೆ. ಬಸ್‌ಸ್ಟ್ಯಾಂಡಿನ ಕಡೆ ಯಾರೂ ಮುಖ ಮಾಡಿರಲಿಲ್ಲ. ಮಾಯವ್ವ ನನ್ನ ಕೈ ಒತ್ತಿದಳು.

“ಹಿಕ್ಕಿ ಒಂದ ಕಡೆ ಬಿದ್ದೈತ್ರಿ ಅಕ್ಕಾರ!” ಅಂದಳು ಕಿವಿಯಲ್ಲಿ. (ಆ ಮಕ್ಕಳಿಗೆ ಕೇಳಿಸಲಿಲ್ಲ, ಸದ್ಯ.)

ಲ್ಯಾಬಿನ ಬೀಗಕ್ಕೆ ಕೈ ಹಾಕಿದರೆ ಹಿತ್ತಾಳೆ ಕೈಯಾಡಿ ಆಡಿ ನುಣ್ಣಗಾಗಿದೆ. ಒಳಗೆ ಎಲ್ಲವೂ ಹಳತು. ಒಂದು ಸ್ಟೂಲಿನ ಕಾಲಿಗೆ ತಂತಿ ಕಟ್ಟಿದ್ದಾರೆ. ಲೈಬ್ರರಿ ಅಂದರೆ ಮೂರು ಕಪಾಟು, ಆದರೆ ಫಿಜಿಕ್ಸ್ ಪುಸ್ತಕದ ರಟ್ಟು ಕಿತ್ತು ಬೈಂಡು ಮಾಡಿಸಿದ್ದು ಎರಡೆರಡು ಸಲ. ಮರದ ಕೆಳಗೆ ಬಂದು ಮಾಯವ್ವ ತನ್ನ ಪ್ರಶ್ನೆ ಕೇಳಿದಳು. ಸರ್ ಬರದಿದ್ದ ದಿನ ಏನು ಮಾಡುತ್ತೀರಿ?

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ ಒಬ್ಬಳು ಹೇಳಿದಳು. “ಥರ್ಡ್ ಇಯರ್ ಅಕ್ಕಗೋಳು ಬಂದು ಪಾಠ ಹೇಳ್ತಾರ. ಮುಂದಿನ ವರ್ಷ ನಾವು ಹೇಳಬೇಕು. ಸರ್ ರೂಲ್ಸ್ ಮಾಡ್ಯಾರ.”

ಏನ್ರೀ ಇದು? ಯಾವ ಗ್ರೇಡು ಕೊಡುವ ಕಮಿಟಿ ಇದನ್ನು ಕೇಳುತ್ತದೆ? ಅದನ್ನು ತುಂಬಲು ಯಾವ ಫಾರ್ಮಿನಲ್ಲಿ ಕಾಲಂ ಇದೆ? ನಾನು ಮರದ ಕಟ್ಟೆಯ ಮೇಲೆ ಕೂತುಬಿಟ್ಟೆ. ನನಗೆ ಹೇಳಲು ಮಾತಿರಲಿಲ್ಲ. (ನಮ್ಮ ಮನೆಯವರು ಇದನ್ನು ನಂಬುವುದಿಲ್ಲ.)

ಆಗ ಆ ಸರ್ ಬಂದರು. ಚಿಕ್ಕ ವಯಸ್ಸಿನ ಅತಿಥಿ ಉಪನ್ಯಾಸಕರು, ಅಂಗಿಯ ತುಂಬಾ ಚಾಕ್‌ಪುಡಿ. ವಿಷಯ ಕೇಳಿ ಖುಷಿಪಟ್ಟರು, ಆಮೇಲೆ ತಲೆ ಕೆರೆದುಕೊಂಡರು.

“ಒಂದ ಮಾತ ಮೊದಲ ಹೇಳಿಬಿಡ್ತೀನ್ರಿ. ಫಸ್ಟ್ ಇಯರ್ ಫಿಜಿಕ್ಸಿಗೆ ಹತ್ತ ಮಂದಿ ಆಗಬೇಕು. ಇವತ್ತಿನ ತನಕ ಆರ ಆಗ್ಯಾರ. ಶನಿವಾರದೊಳಗ ಹತ್ತ ಆಗಲಿಲ್ಲ ಅಂದ್ರ ಈ ವರ್ಷ ಕ್ಲಾಸ ನಡೆಯೂದಿಲ್ಲ.”

ಮತ್ತೆ ಲಕ್ಕವ್ವನ ಕಥೆಯೇ! ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಖಡಾಖಂಡಿತ ಹೇಳಿದೆ. “ಬ್ಯಾಡವ್ವ. ನಿಮ್ಮಪ್ಪ ಒಂದ ಸರ್ತಿ ಅಂದಾನ. ಕಣ್ಣಾರೆ ಕಂಡು ಕುಣಿಗೆ ಬೀಳೂದು ಬ್ಯಾಡ. ಆ ಕೆಮಿಸ್ಟ್ರಿ ಕಾಲೇಜಿಗೆ ಹೋಗು.”

ಮಾಯವ್ವ ನೋಟ್‌ಬುಕ್ಕಿನ ಪುಟ ತಿರುವುತ್ತಾ ಕೂತಳು. ಬಸ್ಸು ಬನಹಟ್ಟಿ ದಾಟುವಾಗ ಓಣಿಯೊಳಗಿಂದ ಮಗ್ಗದ ಸದ್ದು ಖಟ್ಟ ಖಟ್ಟ ಕೇಳುತ್ತಿತ್ತು. ಆಮೇಲೆ ತಿರುಗಿ ಅಂದಳು.

“ಅಕ್ಕಾರ, ನೀರ ಐತಿ, ಮೇವ ಐತಿ. ಕುರಿ ಅಷ್ಟ ಕಮ್ಮಿ ಅದಾವ. ಅದಕ್ಕ ನೆಲ ಬಿಟ್ಟ ಹೋಗ್ತಾರೇನ್ರಿ? ಕುರಿ ಹೊಡಕೊಂಡು ಬರೂದು.”

ಬುಧವಾರ ಸಂಜೆಯಿಂದ ಶುರು ಮಾಡಿದಳು. ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೋ ತೆಗೆದು ಪಿಯುಸಿ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಯಾರಿಗೆ ಸೈನ್ಸ್ ಇದ್ದು ಇನ್ನೂ ಅಡ್ಮಿಷನ್ ಆಗಿಲ್ಲವೋ ಅವರ ಮನೆಗೆ ಹೋದಳು. ಅವರ ಅಪ್ಪಂದಿರ ಎದುರು ಕೂತು ಬೀಗ, ಚೀಟಿ, ಬೇವಿನ ಮರ ಎಲ್ಲಾ ವಿವರಿಸಿದಳಂತೆ. ಒಬ್ಬ ತಂದೆ, “ಏ, ನೀ ಏನ ಆ ಕಾಲೇಜಿನ ಏಜಂಟ್ ಏನ ಬೇ?” ಅಂದನಂತೆ. “ಅಲ್ರಿ ಕಾಕಾ, ನೀವ ಒಂದಿನ ಹೋಗಿ ಬೀಗ ನೋಡಿ ಬರ್ರಿ” ಅಂದಳಂತೆ. ಅವನು ಹೋಗಿ ನೋಡಿ ಬಂದ. ಮರುದಿನ ಮಗಳ ಅಡ್ಮಿಷನ್ ಮಾಡಿಸಿದ.

ನಾನೇನು ಮಾಡಿದೆ? ಮನೆಯಲ್ಲಿ ಕೂತು ಒದ್ದಾಡಿದೆ. ಅಷ್ಟು ಮಾತ್ರ ನನ್ನಿಂದ ಆಯಿತು.

ಶುಕ್ರವಾರ ಸಂಜೆ ಮಾಯವ್ವನನ್ನೂ ಸೇರಿಸಿ ಒಂಬತ್ತು. ಶನಿವಾರ ಬೆಳಿಗ್ಗೆಯೂ ಒಂಬತ್ತು. ಒಂಬತ್ತು ಅಂದರೆ ಸೊನ್ನೆಯೇ. ಹತ್ತಕ್ಕೆ ಒಂದು ಕಡಿಮೆ ಇದ್ದರೆ ಬಾಗಿಲು ಮುಚ್ಚುತ್ತದೆ, ಮಾಳಪ್ಪನ ಮನೆಯಲ್ಲಿ ಕಾಲೇಜಿನ ಸುದ್ದಿಯೂ ಮುಗಿಯುತ್ತದೆ. ಹತ್ತೂವರೆಗೆ ಮಾಳಪ್ಪನ ಫೋನು ಬಂತು. ಹಿಂದೆ ಬಸ್ಸಿನ ಎಂಜಿನ್ ಸದ್ದು.

“ಅಕ್ಕಾರ, ಒಂದ ಪಜೀತಿ ಆಗೇತ್ರಿ.”

“ಏನಾತೋ?”

“ನಮ್ಮ ಲಕ್ಕವ್ವ ಮಿಷನ್ ಮ್ಯಾಲಿಂದ ಎದ್ದ ಬಂದು, ಮಾರ್ಕ್ಸ್ ಕಾರ್ಡ್ ಹಿಡಕೊಂಡು ನನ್ನ ಬಸ್ಸಿನ್ಯಾಗ ಕುಂತಾಳ್ರಿ. ಹತ್ತನೇದಾಕಿ ನಾ ಆಗ್ತೀನಿ, ಮತ್ತ ಫಸ್ಟ್ ಇಯರಿನಿಂದ ಓದ್ತೀನಿ ಅಂತಾಳ. ತಂಗಿ ಸಂಗಾಟ ಕೂಡಾಕ ನಾಚಿಕಿ ಬರೂದಿಲ್ಲೇನ ಅಂದೆ. ಬರೂದಿಲ್ಲ ಅಂದ್ಲು. ಒಂದ ವರ್ಷದ ಮ್ಯಾಲೆ ಆಕಿ ನನ್ನ ಮಾರಿ ನೋಡಿ ಮಾತಾಡಿದ್ಲರಿ ಅಕ್ಕಾರ. ಏನ ಮಾಡ್ಲಿ?”

ನನ್ನ ಕಣ್ಣಲ್ಲಿ ನೀರು ಬಂತು, ಜೊತೆಗೆ ಸಿಟ್ಟೂ ಬಂತು. ಎಂಟನೇ ಕ್ಲಾಸಿನಲ್ಲಿ ಬೈದ ಹಾಗೇ ಬೈದೆ.

“ಏನ ಮಾಡ್ಲಿ ಅಂತ ಕೇಳ್ತೀ ಏನೋ ಮಾಳ್ಯಾ! ನೀ ಕಂಡಕ್ಟರ್ ಹೌದಲ್ಲೋ? ಝೀರೋ ಟಿಕೆಟ್ ಹರದ ಕೊಡು, ರೈಟ್ ಅಂತ ಸೀಟಿ ಊದು!”

ಅವನು ಊದಿದ. ಫೋನಿನಲ್ಲೇ ಕೇಳಿಸಿತು.

ಇದೆಲ್ಲ ಆಗಿ ಕೆಲ ವಾರವಾಯಿತು. ಕ್ಲಾಸುಗಳು ಶುರುವಾಗಿವೆ. ಮೊನ್ನೆ ಮಧ್ಯಾಹ್ನ ಮಾಯವ್ವನ ಫೋನು. ಮೆಲುದನಿ, ಕಾರಿಡಾರಿನಲ್ಲಿ ನಿಂತು ಮಾತಾಡುವವರ ದನಿ.

“ಅಕ್ಕಾರ, ಸರ್‌ಗ ಜ್ವರ ಬಂದಾವಂತ, ಇವತ್ತ ಬಂದಿಲ್ರಿ. ಥರ್ಡ್ ಇಯರ್ ಅಕ್ಕಗೋಳಿಗೂ ಪರೀಕ್ಷಾ ಐತಿ.”

“ಅಯ್ಯ! ಮತ್ತ ನೀವೆಲ್ಲಾ ಮನಿಗೆ ಹೊಂಟ್ರೇನು?”

“ಇಲ್ರಿ. ಲಕ್ಕವ್ವ ಬೋರ್ಡಿನ ಮುಂದ ನಿಂತಾಳ. ಆಕಿಗೆ ಇದೆಲ್ಲಾ ಬರತೈತಲ್ರಿ, ಒಂದ ವರ್ಷ ಓದ್ಯಾಳ. ನಾ ಫೋನ್ ಇಡ್ತೀನ್ರಿ, ಇಲ್ಲಂದ್ರ ಬೈತಾಳ.”

ಇಟ್ಟೇಬಿಟ್ಟಳು.

ಹಾಳಾಯಿತು ಅಂತ ನಾವೆಲ್ಲ ಮರುಗಿದ್ದ ಲಕ್ಕವ್ವನ ಆ ಒಂದು ವರ್ಷ, ಈಗ ಒಂಬತ್ತು ಮಂದಿಯ ನೋಟ್‌ಬುಕ್ಕಿನಲ್ಲಿ ಇಳಿಯುತ್ತಿದೆ. ಅದಕ್ಕೆ ನೀವು ಯಾವ ಗ್ರೇಡು ಕೊಡುತ್ತೀರಿ?